ಕೋವಿಯ ಕುದುರೆ

ಕನ್ನಡ ಶಾಲೆಯ ಉಪಾಧ್ಯಾಯರಿಗೆ ಕೋವಿಯ ವಿಚಾರವೇಕೆ ಎಂದು ಕೇಳುವವರುಂಟು. ನಮ್ಮ ಕಾಸರಗೋಡಿನ ಒಳನಾಡಿನಲ್ಲಿ ಕಾಡುಹಂದಿಗಳ ಕಾಟದಿಂದ ತೋಟವನ್ನು ಕಾಯುವುದಕ್ಕಾಗಿ ಪರವಾನಗಿ ಪಡೆದು ಕೋವಿಯನ್ನಿರಿಸಿಕೊಂಡ ಮನೆಗಳಿವೆ. ಆ ಮನೆಗಳ ಮಕ್ಕಳು ನಮ್ಮ ತರಗತಿಗಳಲ್ಲಿಯೇ ಕುಳಿತಿರುತ್ತಾರೆ. ಇನ್ನು 1948ರ ಕಾಯಿದೆಯಿಂದ ಹುಟ್ಟಿದ ಎನ್.ಸಿ.ಸಿ.ಯ ದಳವಿರುವ ಶಾಲೆಗಳಲ್ಲಂತೂ ಮೀಸೆ ಮೂಡದ ಹುಡುಗರೂ ಎರಡು ಜಡೆಯ ಹುಡುಗಿಯರೂ ರೈಫಲನ್ನು ಹಿಡಿಯುವುದು ಇದ್ದೇ ಇದೆ. ಮಕ್ಕಳ ಕೈ ಅದನ್ನು ಮುಟ್ಟುವುದು ತಪ್ಪದೆಂದಾದ ಮೇಲೆ, ಕುತೂಹಲದ ಕೈಗಿಂತ ಕಲಿತ ಕೈ ಮೇಲಲ್ಲವೆ? ಶಿಬಿರಗಳಿಗೆ ಮಕ್ಕಳನ್ನು ಕರೆದೊಯ್ದು ಅವರ ಪಕ್ಕದಲ್ಲಿ ಮಣ್ಣಿನ ಮೇಲೆ ಮಂಡಿಯೂರಿ ಕುಳಿತ ವರ್ಷಗಳಲ್ಲಿ ನಮ್ಮ ಈ ಅಭಿಪ್ರಾಯವು ಗಟ್ಟಿಯಾಗುತ್ತ ಬಂದಿದೆ.

ಅಲ್ಲಿನ ಆಜ್ಞೆಗಳೆಲ್ಲ ಹಿಂದಿಯವು. ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡಿ, ಪೇಟೆಯಲ್ಲಿ ಮಲಯಾಳವನ್ನು ಕೇಳಿ ಬೆಳೆದ ನಮ್ಮ ಮಕ್ಕಳಿಗೆ 'ಭರ್', 'ಖಾಲಿ ಕರ್' ಎಂಬವುಗಳ ಅರ್ಥವನ್ನು ಒಂದು ಗಳಿಗೆಯಲ್ಲಿ ಹೇಳಿಕೊಡಬಹುದು. ತೊಡಕಿರುವುದು 'ಸಾವಧಾನ್' ಎಂಬುದರಲ್ಲಿ. ಹವಾಲ್ದಾರರು ಹಾಗೆಂದು ಗರ್ಜಿಸಿದೊಡನೆ ಮೈಯೆಲ್ಲ ಸೆಟೆದು ನಿಲ್ಲಬೇಕು. ಕನ್ನಡದಲ್ಲಿಯೋ ಸಾವಧಾನವೆಂದರೆ ಅವಸರವಿಲ್ಲದ ಎಚ್ಚರ. ಕವಾಯತಿಗೆ ಅವರ ಅರ್ಥವೇ ಇರಲಿ. ಗುರಿ ಹಿಡಿಯುವುದಕ್ಕೆ ಮಾತ್ರ ನಮ್ಮದೇ ಒಪ್ಪುತ್ತದೆ.

ಮೊದಲ ಪಾಠದಲ್ಲಿ ಗುಂಡಿನ ಸುದ್ದಿಯೇ ಇಲ್ಲ. ಕೈಗೆ ಬಂದ ಕೋವಿಯು, ಕೊಟ್ಟವರು ಬರಿದೆಂದು ಹೇಳಿದ್ದರೂ, ತುಂಬಿದೆಯೆಂದೇ ತಿಳಿಯಬೇಕು. ನಳಿಗೆಯನ್ನು ಮನುಷ್ಯರಿಲ್ಲದ ಕಡೆಗೆ ತಿರುಗಿಸಿ, ಬೋಲ್ಟನ್ನು ತೆರೆದು, ಒಳಗನ್ನು ಕಣ್ಣಿನಿಂದ ನೋಡಬೇಕು. ಹಾರಿಸುವ ಕ್ಷಣದವರೆಗೆ ಬೆರಳು ಕುದುರೆಯ ಹೊರಗಿರಬೇಕು. ಈ .22 ರೈಫಲು ನೋಡುವುದಕ್ಕೆ ಸಾಧು. ಅದರ ಗುಂಡಿನ ದಪ್ಪ 5.6 ಮಿಲಿಮೀಟರು ಮಾತ್ರ. ಅಭ್ಯಾಸಕ್ಕೆ 25 ಮೀಟರು ಸಾಕಾದರೂ ಆ ಗುಂಡು ಒಂದೂವರೆ ಕಿಲೋಮೀಟರು ಹೋಗಬಲ್ಲದು. ಗುರಿಹಾಳೆಯ ಹಿಂದೆ ಎತ್ತರದ ಮಣ್ಣಿನ ದಿಬ್ಬವಿರುವುದು ಅದಕ್ಕಾಗಿಯೇ. ತೋಟದಲ್ಲಿ ಅಂಥ ದಿಬ್ಬವಿರುವುದಿಲ್ಲವೆಂಬುದನ್ನು ಕೋವಿಯಿರುವ ಮನೆಯ ಮಕ್ಕಳಿಗೆ ನಾವು ಬೇರೆಯಾಗಿಯೇ ಹೇಳುತ್ತೇವೆ.

ಇನ್ನು ಕಣ್ಣಿನ ಮಾತು. ಹಿಂದಿನ ಕಿಂಡಿ, ನಳಿಗೆಯ ತುದಿಯ ಮೊನೆ, ದೂರದ ಕಪ್ಪು ಚುಕ್ಕೆ—ಮೂರನ್ನೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವ ಶಕ್ತಿ ಮನುಷ್ಯನ ಕಣ್ಣಿಗಿಲ್ಲ. ಮೊನೆಯು ನಿಚ್ಚಳವಾಗಿರಲಿ, ಚುಕ್ಕೆಯು ಮಸುಕಾಗಿದ್ದರೂ ಚಿಂತೆಯಿಲ್ಲ. ಮಕ್ಕಳಿದನ್ನು ನಂಬುವುದಿಲ್ಲ. ಆಗ ನಾವು ಮರಳಿನ ಮೇಲೆ ಸಮರೂಪ ತ್ರಿಭುಜಗಳನ್ನು ಬರೆಯುತ್ತೇವೆ. ಕಿಂಡಿಗೂ ಮೊನೆಗೂ 70 ಸೆಂಟಿಮೀಟರು ಅಂತರವಿದೆಯೆನ್ನೋಣ. ಮೊನೆಯು 1 ಮಿಲಿಮೀಟರು ಓರೆಯಾದರೆ 25 ಮೀಟರಿನಾಚೆ ಗುಂಡು ಸುಮಾರು 36 ಮಿಲಿಮೀಟರು ದೂರ ಸರಿಯುತ್ತದೆ. ತರಗತಿಯಲ್ಲಿ ತೂಕಡಿಸುವವರಿಗೂ ಆ ರೇಖಾಗಣಿತವು ಅಲ್ಲಿ ಅರ್ಥವಾಗುವುದನ್ನು ಕಂಡಿದ್ದೇವೆ! ಉಸಿರನ್ನು ಎಳೆದು, ಬಿಟ್ಟು, ಮುಂದಿನ ಉಸಿರಿಗೆ ಮೊದಲು ಸಹಜವಾಗಿ ಒದಗುವ ಬಿಡುವಿನಲ್ಲಿ ಹಾರಿಸಬೇಕು. ಏಳೆಂಟು ಸೆಕೆಂಡಿನೊಳಗೆ ಆಗದಿದ್ದರೆ ಕೋವಿಯನ್ನು ಇಳಿಸಿ ಮತ್ತೆ ತೊಡಗುವುದೇ ಲೇಸು. ಬಿಗಿಹಿಡಿದರೆ ಕಣ್ಣು ಮಂಜಾಗುತ್ತದೆ.

ಇಷ್ಟನ್ನೂ ಸರಿಯಾಗಿ ಮಾಡಿದವನು ಕೆಡುವುದು ಕುದುರೆಯಲ್ಲಿ. ಕುದುರೆಯನ್ನು 'ಎಳೆಯುವುದು' ಎಂಬ ರೂಢಿಯ ಮಾತೇ ದಾರಿ ತಪ್ಪಿಸುವಂಥದು. ಎಳೆಯಬಾರದು, ಬೆರಳಿನ ತುದಿಯಿಂದ, ಸಮನಾಗಿ, ಗುಂಡು ಯಾವಾಗ ಹೊರಡುವುದೆಂದು ತನಗೇ ತಿಳಿಯದ ಹಾಗೆ ಒತ್ತುತ್ತ ಹೋಗಬೇಕು. ನಮ್ಮ ವಿದ್ಯಾರ್ಥಿಯೊಬ್ಬನ ಗುಂಡುಗಳೆಲ್ಲ ಹಾಳೆಯ ಕೆಳಗಡೆ ಮಣ್ಣಿಗೆ ಬೀಳುತ್ತಿದ್ದವು. ಅವನ ಮನೆಯಲ್ಲಿ ಜೋಡುನಳಿಗೆಯ ಕೋವಿಯಿತ್ತು. ಅದು ತಂದೆಯ ಹೆಗಲನ್ನು ಒದೆಯುವುದನ್ನು ಅವನು ಎಳವೆಯಿಂದಲೂ ಕಂಡವನು. .22 ರೈಫಲಿಗೆ ಒದೆತವೆಂಬುದು ಇಲ್ಲವೆನ್ನುವಷ್ಟು ಕಡಿಮೆಯೆಂದು ಎಷ್ಟು ಹೇಳಿದರೂ ಅವನ ಹೆಗಲು ನಂಬಲೊಲ್ಲದು. ಹವಾಲ್ದಾರರು ಬಯ್ಯಲಿಲ್ಲ. ಸರದಿಯ ನಡುವೆ, ಅವನಿಗೆ ತಿಳಿಸದೆ, ಹಾರಿಸಿ ಮುಗಿದ ಬರಿಯ ತೋಟೆಯೊಂದನ್ನು ಕೋವಿಗೆ ತುಂಬಿದರು. ಕುದುರೆ ಕಟ್ಟೆಂದಿತು, ಸದ್ದಾಗಲಿಲ್ಲ. ಆದರೂ ನಳಿಗೆಯ ಮೂತಿ ಗಕ್ಕನೆ ನೆಲದ ಕಡೆಗೆ ಬಾಗಿತು. ಹುಡುಗ ಅದನ್ನು ತಾನೇ ಕಂಡ. "ಸರ್, ನಾನೇ ದೂಡುತ್ತಿದ್ದೇನೆ" ಎಂದ. ಆಮೇಲೆ ಅವನ ಗೆಳೆಯರು ಬರಿಗೋವಿಯ ನಳಿಗೆಯ ಮೇಲೆ ಒಂದು ನಾಣ್ಯವನ್ನಿಟ್ಟು, ಅದು ಬೀಳದಂತೆ ಕುದುರೆಯೊತ್ತುವ ಅಭ್ಯಾಸವನ್ನು ಅವನಿಂದ ಸಂಜೆಯವರೆಗೆ ಮಾಡಿಸಿದರು.

ಈ ಕಸುಬು ಎಷ್ಟು ಸೂಕ್ಷ್ಮವಾದುದೆಂಬುದಕ್ಕೆ ಮಕ್ಕಳಿಗೆ ಒಂದು ಅಳತೆ ಹೇಳುವುದುಂಟು: 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆಯ ಅಡ್ಡಳತೆ ಅರ್ಧ ಮಿಲಿಮೀಟರು.

ಮರುದಿನ ಹಾಳೆಗಳು ಬಂದವು. ಹುಡುಗಿಯೊಬ್ಬಳ ಒಂದು ಗುಂಡು ನಟ್ಟನಡುವಿಗೆ ಬಿದ್ದು, ಉಳಿದ ನಾಲ್ಕು ನಾಲ್ಕು ದಿಕ್ಕಿಗೆ ಚೆದರಿದ್ದವು. ಈ ಹುಡುಗನ ಐದೂ ಎಡಬದಿಯ ಕೆಳಮೂಲೆಯಲ್ಲಿ ಒತ್ತಾಗಿ ಗುಂಪುಗೂಡಿದ್ದವು. ನಡುವಿಗೆ ಒಂದೂ ಇಲ್ಲ. ಮಕ್ಕಳು ಚಪ್ಪಾಳೆ ತಟ್ಟಿದ್ದು ಅವಳಿಗೆ. ಹವಾಲ್ದಾರರು ಎತ್ತಿ ತೋರಿಸಿದ್ದು ಅವನ ಹಾಳೆಯನ್ನು. ಗುಂಪು ಒತ್ತಾಗಿದ್ದರೆ ಹಿಂದಿನ ಕಿಂಡಿಯನ್ನು ತುಸು ಸರಿಸಿದರೆ ಸಾಕು, ಐದೂ ನಡುವಿಗೆ ಬರುತ್ತವೆ. ಚೆದರಿದವುಗಳನ್ನು ಯಾವ ಕಿಂಡಿಯೂ ಕೂಡಿಸಲಾರದು. ಉತ್ತರಪತ್ರಿಕೆಗಳನ್ನು ತಿದ್ದುವಾಗ ಒಮ್ಮೊಮ್ಮೆ ನಮಗಿದು ನೆನಪಾಗುತ್ತದೆ.

ಸಂಜೆ ಖಾಲಿ ತೋಟೆಗಳನ್ನು ಹೆಕ್ಕಿ ಲೆಕ್ಕ ಒಪ್ಪಿಸಬೇಕಾಗಿತ್ತು. ಎರಡು ಕಡಿಮೆಯಿದ್ದವು. ಹುಲ್ಲಿನ ನಡುವೆ ಕಣ್ಣು ನೆಟ್ಟು, ಸಾಲಾಗಿ ಕುಕ್ಕರುಗಾಲಿನಲ್ಲಿ ಹುಡುಕುತ್ತ ಹೋದ ಮಕ್ಕಳಿಗೆ ಅವು ಸಿಕ್ಕಿದಾಗ ಬೆಳಕು ಇಳಿಯುತ್ತಿತ್ತು. ನಳಿಗೆಗಳಿಗೆ ಚಿಂದಿ ಎಳೆದು, ಎಣ್ಣೆ ಸವರಿ, ಮತ್ತೊಮ್ಮೆ ಬೋಲ್ಟು ತೆರೆದು ನೋಡಿ ಪೆಟ್ಟಿಗೆಗೆ ಸೇರಿಸಿದೆವು.