ಡಿಸೆಂಬರ್ ೨೩ರ ದಿನವಿಶೇಷ



ನಾಡಿದ್ದು ಕ್ರಿಸ್ಮಸ್. ವರ್ಷದ ಈ ಕೊನೆಯ ವಾರದಲ್ಲಿ ನನಗೆ ನಮ್ಮ ಶಾಲೆಗಳ ಪ್ರಾರ್ಥನಾ ಸಭೆ ಬಹಳವಾಗಿ ನೆನಪಾಗುತ್ತದೆ. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರ ಸೀಮೆಗಳಲ್ಲಿ ನಾನು ಸೇವೆ ಸಲ್ಲಿಸಿದ ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ಪ್ರಾರ್ಥನೆಯಾದ ಮೇಲೆ ವಾರ್ತೆ, ಸುಭಾಷಿತ ಮತ್ತು ದಿನವಿಶೇಷಗಳನ್ನು ಓದುವ ಪದ್ಧತಿಯಿತ್ತು. ಚಳಿಗೆ ಕೈಕಟ್ಟಿಕೊಂಡು ಬಿಸಿಲು ಬಿದ್ದ ಕಡೆಗೇ ಸಾಲನ್ನು ಸರಿಸುತ್ತಿದ್ದವರು ನೀವೇ ಅಲ್ಲವೇ?

ಡಿಸೆಂಬರ್ ತಿಂಗಳ ಈ ದಿನಗಳಲ್ಲಿ ದಿನವಿಶೇಷಕ್ಕೆ ಬರವಿರಲಿಲ್ಲ. ೨೨ ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಹುಟ್ಟಿದ ದಿನ (೧೮೮೭). ೨೩, ಅಂದರೆ ಇಂದು, ಪ್ರಧಾನಿಯಾಗಿದ್ದ ಚೌಧರಿ ಚರಣ್ ಸಿಂಗ್ ಅವರ ಜನ್ಮದಿನ (೧೯೦೨). ಇದನ್ನು ರೈತ ದಿನವೆಂದು ಆಚರಿಸುತ್ತೇವೆ. ೧೯೬೮ರ ಡಿಸೆಂಬರ್ ೨೪ರಂದು ಅಪೊಲೊ ೮ ನೌಕೆಯ ಮೂವರು ಯಾತ್ರಿಗಳು ಮಾನವಕುಲದಲ್ಲಿಯೇ ಮೊದಲಿಗರಾಗಿ ಚಂದ್ರನನ್ನು ಸುತ್ತಿದರು. ಚಂದ್ರನ ಅಂಚಿನ ಮೇಲೆ ನಮ್ಮ ಭೂಮಿ ಉದಯಿಸುವ ಚಿತ್ರವನ್ನು ತೆಗೆದರು. ಇಷ್ಟನ್ನು ಓದಿ, ಚಪ್ಪಾಳೆ ತಟ್ಟಿ, ತರಗತಿಗೆ ಹೋಗುತ್ತಿದ್ದೆವು. ಆದರೆ ದಿನವಿಶೇಷವೆಂಬುದು ಹಲಗೆಯ ಮೇಲೆ ಮಾತ್ರವಲ್ಲ, ನಮ್ಮ ಹೊಲದಲ್ಲಿ, ಕೆರೆಯಲ್ಲಿ, ಓಣಿಯಲ್ಲಿಯೂ ಇರುತ್ತದೆ ಎಂಬುದು ನನಗೆ ವರ್ಷಗಳು ಕಳೆದಂತೆ ಹೆಚ್ಚು ಹೆಚ್ಚಾಗಿ ಮನದಟ್ಟಾಗಿದೆ.

ಕ್ರಿಸ್ಮಸ್ ಎಂದೊಡನೆ ಗದಗಿನವರಿಗೆ ಬೆಟಗೇರಿಯ ನೆನಪಾಗುತ್ತದೆ. ನೇಕಾರರ ಆ ಊರಿಗೆ ಬಾಸೆಲ್ ಮಿಷನ್ನಿನವರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬಂದು ನೆಲೆಸಿದರು. ಶಾಲೆ ತೆರೆದರು, ಮುಂದೆ ಆಸ್ಪತ್ರೆಯೂ ಆಯಿತು. ಸುತ್ತಲಿನ ಹಳ್ಳಿಯವರ ಬಾಯಲ್ಲಿ ಅದು ‘ಜರ್ಮನ್ ಆಸ್ಪತ್ರೆ’. ಇದೇ ಮಿಷನ್ನಿನಿಂದ ೧೮೫೩ರಲ್ಲಿ ಭಾರತಕ್ಕೆ ಬಂದ ಫರ್ಡಿನೆಂಡ್ ಕಿಟ್ಟೆಲ್ ನಮ್ಮ ಭಾಷೆಯನ್ನು ಕಲಿತು, ಶಬ್ದಗಳನ್ನೂ ಗಾದೆಗಳನ್ನೂ ವರ್ಷಾನುಗಟ್ಟಲೆ ಕೂಡಿಸಿ, ೧೮೯೪ರಲ್ಲಿ ಮಂಗಳೂರಿನಿಂದ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದರು. ದೂರದಿಂದ ಬಂದವರು ನಮ್ಮ ಮಾತನ್ನು ಅಷ್ಟು ಕಿವಿಗೊಟ್ಟು ಕೇಳಿದರಲ್ಲ ಎಂಬುದೇ ನನಗೆ ಇಂದಿಗೂ ಸೋಜಿಗ.

ಈ ಕಾಲದಲ್ಲಿ ಎರೆಹೊಲಗಳನ್ನು ನೋಡಬೇಕು. ಹಿಂಗಾರಿ ಜೋಳ, ಕಡಲೆ, ಕುಸುಬೆ, ಗೋದಿ ಎಲ್ಲವೂ ಮಳೆಯಿಲ್ಲದೆಯೇ, ನೆಲದೊಳಗಿನ ಹಸಿಯನ್ನು ನಂಬಿ, ಚಳಿಯಲ್ಲಿ ಬೆಳೆಯುತ್ತವೆ. ನಸುಕಿನಲ್ಲಿ ಕಡಲೆಯ ಹೊಲದಲ್ಲಿ ನಡೆದವರ ಕಾಲು ಚುರುಗುಟ್ಟುತ್ತದೆ. ಎಲೆಯ ಮೇಲಿನ ಸಣ್ಣ ರೋಮಗಳು ಹುಳಿಯನ್ನು ಸ್ರವಿಸುತ್ತವೆ. ನಮ್ಮ ಹಿರಿಯರು ರಾತ್ರಿ ಗಿಡಗಳ ಮೇಲೆ ಬಿಳಿ ಧೋತರವನ್ನು ಹಾಸಿ, ಬೆಳಗ್ಗೆ ಇಬ್ಬನಿಯಲ್ಲಿ ನೆನೆದ ಅದನ್ನು ಹಿಂಡಿ ಕಡಲೆಹುಳಿ ಕೂಡಿಡುತ್ತಿದ್ದರು. ಹೊಟ್ಟೆನೋವಿಗೆ ಅದೇ ಮನೆಮದ್ದು. ಮ್ಯಾಲಿಕ್ ಆಮ್ಲ, ಆಕ್ಸಾಲಿಕ್ ಆಮ್ಲಗಳ ಪಾಠವನ್ನು ನಾನು ಈ ಹುಳಿಯಿಂದಲೇ ಆರಂಭಿಸುತ್ತಿದ್ದೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವುದೂ ಹೆಚ್ಚು ಕಡಿಮೆ ಇದೇ ಸುಮಾರಿನಲ್ಲಿ.

ಈ ಹೊಲಗಳಿಗೆ ಅತಿಥಿಗಳೂ ಬರುತ್ತಾರೆ. ಗದಗಿನಿಂದ ಲಕ್ಷ್ಮೇಶ್ವರದ ಕಡೆಗೆ ಸುಮಾರು ೨೫ ಕಿ.ಮೀ. ಹೋದರೆ, ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ. ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಚಳಿಗಾಲಕ್ಕೆ ಇಲ್ಲಿಗೆ ಬರುತ್ತವೆ. ಅವು ಮರಿ ಮಾಡುವುದು ಮಂಗೋಲಿಯಾ, ಟಿಬೆಟ್, ಲಡಾಖ್ ಮೊದಲಾದ ಎತ್ತರದ ಪ್ರದೇಶಗಳಲ್ಲಿ. ಹಗಲು ಕೆರೆಯಲ್ಲಿ ವಿಶ್ರಾಂತಿ. ಆದರೆ ಅವು ಮೀನು ತಿನ್ನುವ ಪಕ್ಷಿಗಳಲ್ಲ. ಹೊಟ್ಟೆ ಹೊರೆಯುವುದು ಸುತ್ತಲಿನ ರೈತರ ಹೊಲಗಳಲ್ಲಿ. ೨೦೨೪ರ ಜನವರಿಯಲ್ಲಿ ಈ ಕೆರೆ ರಾಮ್ಸಾರ್ ತಾಣವಾಗಿ ಜಗತ್ತಿನ ಪಟ್ಟಿಗೆ ಸೇರಿತು. ಸಂತೋಷವೇ ಸರಿ. ಆದರೆ ರೈತ ದಿನದಂದು ಒಂದು ಮಾತು ಹೇಳಲೇಬೇಕು: ಈ ಅತಿಥಿಗಳಿಗೆ ಉಣಬಡಿಸುವವನು ಎರಡೋ ಮೂರೋ ಎಕರೆಯ ಒಕ್ಕಲಿಗ, ಪಟ್ಟಿಯಲ್ಲಿ ಅವನ ಹೆಸರಿಲ್ಲ.

ಆ ಒಕ್ಕಲಿಗರಲ್ಲಿ ಒಬ್ಬರ ಮಗ ನನ್ನ ವಿದ್ಯಾರ್ಥಿಯಾಗಿದ್ದ. ೧೯೯೮ರ ಡಿಸೆಂಬರ್, ಅವನು ಒಂಬತ್ತನೆಯ ತರಗತಿ. ಸಭೆಯಲ್ಲಿ ನಾನು ವರ್ಷದ ಅತಿ ಚಿಕ್ಕ ಹಗಲಿನ ವಿಷಯ ಹೇಳಿದ್ದೆ. ಡಿಸೆಂಬರ್ ೨೧ ಅಥವಾ ೨೨ರಂದು ನಮ್ಮ ಸೀಮೆಯಲ್ಲಿ ಹಗಲು ಸುಮಾರು ೧೧ ಗಂಟೆ ೧೨ ನಿಮಿಷ. ಅಲ್ಲಿಂದ ಮುಂದೆ ದಿನ ದೊಡ್ಡದಾಗುತ್ತ ಹೋಗುತ್ತದೆ ಎಂದು. ಹೊಸ ವರ್ಷದ ಮೊದಲ ವಾರ ಆ ಹುಡುಗ ತಡವಾಗಿ ಬಂದು ಬಾಗಿಲಲ್ಲಿ ನಿಂತ. ನಸುಕಿನಲ್ಲಿ ಹಕ್ಕಿ ಕಾಯುವ ಕೆಲಸ ಅವನದು. ಹೊತ್ತು ಹುಟ್ಟಿದ ಮೇಲೆ ಹೊಲ ಬಿಟ್ಟು ಶಾಲೆಗೆ ಓಡಿ ಬರುತ್ತಿದ್ದ. ಕಾರಣ ಕೇಳಿದರೆ, “ಸರ, ದಿನಾ ದೊಡ್ಡದಾಗತೈತಿ ಅಂದ್ರಿ. ಆದ್ರ ಹೊತ್ತು ಹುಟ್ಟೂದು ಇನ್ನೂ ತಡಾನ ಆಗಾಕತ್ತೈತ್ರಿ” ಎಂದ. ತರಗತಿ ನಕ್ಕಿತು. ನಾನು ನಗಲಿಲ್ಲ. “ಹೌದೇನೋ ತಮ್ಮಾ? ಹಂಗಾದ್ರ ದಿನಾ ಬರದಿಡು, ನೋಡೂಣು” ಎಂದು ನೂರು ಪುಟದ ಒಂದು ನೋಟಬುಕ್ ಕೊಟ್ಟೆ.

ತಂದೆಯ ಕೈಗಡಿಯಾರ ಕಟ್ಟಿಕೊಂಡು ಅವನು ಐದು ವಾರ ಬರೆದ. ಜನವರಿ ೫ರಂದು ೬ ಗಂಟೆ ೫೬ ನಿಮಿಷ, ೨೦ರಂದು ೬ ಗಂಟೆ ೫೯ ನಿಮಿಷ, ಫೆಬ್ರುವರಿ ೧೦ರಂದು ೬ ಗಂಟೆ ೫೫ ನಿಮಿಷ. ಮಂಜು ಮುಸುಕಿದ ದಿನಗಳಿಗೆ ಅಡ್ಡಗೆರೆ. ಗೋಡೆಯ ಮೇಲಿನ ಕ್ಯಾಲೆಂಡರಿನ ಸೂರ್ಯೋದಯದ ಕಾಲಕ್ಕೂ ಅವನ ಲೆಕ್ಕಕ್ಕೂ ಒಂದೆರಡು ನಿಮಿಷ ಮಾತ್ರ ವ್ಯತ್ಯಾಸ.

ಹಗಲು ದೊಡ್ಡದಾಗುತ್ತಿದ್ದುದೂ ನಿಜ, ಸೂರ್ಯೋದಯ ತಡವಾಗುತ್ತಿದ್ದುದೂ ನಿಜ. ಒಂದು ನಡುಹಗಲಿನಿಂದ ಇನ್ನೊಂದು ನಡುಹಗಲಿಗೆ ಸರಿಯಾಗಿ ೨೪ ಗಂಟೆಯಿರುವುದಿಲ್ಲ. ಜನವರಿಯ ಮೊದಲಲ್ಲಿ ಭೂಮಿ ಸೂರ್ಯನಿಗೆ ಅತಿ ಸಮೀಪವಿದ್ದು ತನ್ನ ಕಕ್ಷೆಯಲ್ಲಿ ವೇಗವಾಗಿ ಸಾಗುತ್ತದೆ. ಅದರ ಅಕ್ಷದ ಓರೆಯೂ ಇದಕ್ಕೆ ಕೂಡಿಕೊಳ್ಳುತ್ತದೆ. ಆದ್ದರಿಂದ ಈ ದಿನಗಳಲ್ಲಿ ನಡುಹಗಲು ಪ್ರತಿದಿನ ಸುಮಾರು ಅರ್ಧ ನಿಮಿಷ ಮುಂದಕ್ಕೆ ಸರಿಯುತ್ತದೆ. ಅದರೊಡನೆ ಸೂರ್ಯೋದಯವೂ ಸೂರ್ಯಾಸ್ತವೂ ಸರಿಯುತ್ತವೆ. ನಮ್ಮಲ್ಲಿ ಅತಿ ಬೇಗ ಹೊತ್ತು ಮುಳುಗುವುದು ನವೆಂಬರಿನ ಕೊನೆಯ ಭಾಗದಲ್ಲಿ. ಅತಿ ತಡವಾಗಿ ಹೊತ್ತು ಹುಟ್ಟುವುದು ಜನವರಿಯ ಮೂರನೆಯ ವಾರದ ಸುಮಾರಿಗೆ. ಇದನ್ನು ಕಪ್ಪುಹಲಗೆಯ ಮೇಲೆ ವಿವರಿಸಿದ ದಿನ, ನಕ್ಕವರೆಲ್ಲ ಆ ನೋಟಬುಕ್ ನೋಡಲು ಅವನ ಬೆಂಚಿನ ಸುತ್ತ ಮುತ್ತಿದ್ದರು.

ಮುಂದಿನ ಜೂನ್‌ನಲ್ಲಿ ಶಾಲೆ ಆರಂಭವಾದಾಗ ಹತ್ತನೆಯ ತರಗತಿಯ ಹಾಜರಿಯಲ್ಲಿ ಅವನ ಹೆಸರು ಕೂಗಿದೆ, ಉತ್ತರ ಬರಲಿಲ್ಲ. ಒಂದು ಭಾನುವಾರ ಸೈಕಲ್ ಹತ್ತಿ ಅವನ ಊರಿಗೆ ಹೋದೆ. ಮನೆಗೆ ಬೀಗ ಹಾಕಿತ್ತು. “ಗೋವಾಕ್ಕ ದುಡಿಯಾಕ ಹೋಗ್ಯಾರ್ರಿ, ಮಾಸ್ತರ. ಸಾಲಾ ಭಾಳ ಆಗಿತ್ತು” ಎಂದು ನೆರೆಮನೆಯ ಅಜ್ಜಿ ಹೇಳಿದರು. ಮರುವರ್ಷವೂ ವಿಚಾರಿಸಿದೆ. ನಂತರ ನನಗೆ ವರ್ಗವಾಯಿತು. ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳು ಹೀಗೆ ಗೋವಾದ ಬಸ್ಸಿನೊಳಗೆ ನನ್ನ ಹಾಜರಿ ಪುಸ್ತಕದಿಂದ ಮರೆಯಾಗಿದ್ದಾರೆ. ಆದರೆ ಈ ಹುಡುಗನಷ್ಟು ಯಾರೂ ನನ್ನನ್ನು ಕಾಡಿಲ್ಲ. ಪುಸ್ತಕ ಹೇಳಿದ್ದನ್ನೂ ಅಲ್ಲಗಳೆಯದೆ, ಕಣ್ಣು ಕಂಡದ್ದನ್ನೂ ಬಿಟ್ಟುಕೊಡದೆ ನಿಂತವನು ಅವನು. ವಿಜ್ಞಾನವೆಂದರೆ ಅದಕ್ಕಿಂತ ಬೇರೇನು?

ಆ ನೋಟಬುಕ್ ಇನ್ನೂ ನನ್ನ ಕಪಾಟಿನಲ್ಲಿದೆ. ನಿವೃತ್ತನಾದಾಗ ಬೇರೆ ಎಷ್ಟೋ ಕಾಗದಗಳನ್ನು ವಿಲೇವಾರಿ ಮಾಡಿದೆ, ಇದನ್ನು ಮಾಡಲಾಗಲಿಲ್ಲ. ೧೯೯೯ರ ಆ ತರಗತಿಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮಗೆ ಅವನು ಯಾರೆಂದು ಗೊತ್ತೇ ಇರುತ್ತದೆ. ಎಲ್ಲಿಯಾದರೂ ಸಿಕ್ಕರೆ ತಿಳಿಸಿರಿ: ಅವನ ಲೆಕ್ಕ ಸರಿಯಾಗಿತ್ತು, ಮುಂದಿನ ಬ್ಯಾಚಿನ ಮಕ್ಕಳಿಗೆಲ್ಲ ಸರ್ ಅದನ್ನೇ ತೋರಿಸಿ ಪಾಠ ಮಾಡಿದರು ಎಂದು. ಅವನಿಗೂ ಈಗ ನಲವತ್ತರ ಪ್ರಾಯ, ಮಕ್ಕಳಿರಬಹುದು.

ಉಳಿದವರಿಗೆ ಒಂದು ಸಣ್ಣ ಮನೆಗೆಲಸ. ಗದಗಿನಲ್ಲಿ ಈಗ ಸೂರ್ಯೋದಯ ೬ ಗಂಟೆ ೫೦ ನಿಮಿಷದ ಸುಮಾರು. ನೀವಿರುವ ಊರಿನಲ್ಲಿ ನಾಳೆಯಿಂದ ಒಂದು ತಿಂಗಳು ನಿಮ್ಮ ಮಕ್ಕಳಿಂದ ಸೂರ್ಯೋದಯದ ಕಾಲ ಬರೆಸಿರಿ. ಮೊಬೈಲಿನಲ್ಲಿ ನೋಡಿ ಬರೆಯುವುದಲ್ಲ. ಮಾಳಿಗೆ ಹತ್ತಿ, ಕಣ್ಣಿನಿಂದ ನೋಡಿ ಬರೆಯಬೇಕು. ಶಾಲು ಹೊದ್ದುಕೊಳ್ಳಲು ಹೇಳಿರಿ.

ಎಲ್ಲರಿಗೂ ಕ್ರಿಸ್ಮಸ್ ಹಬ್ಬದ ಶುಭಾಶಯಗಳು.