ಹನ್ನೊಂದರ ಗಾಡಿಗೆ ಮುಂಚೆ

ಬೆಳಗಾವಿ ಜಿಲ್ಲೆಯ ಸಂಪಗಾಂವ ಸೀಮೆಯವರಿಗೆ ಬೆಂಗಳೂರು ಬಹುಮಟ್ಟಿಗೆ ಹಗಲಿನ ಊರು. 2008ರಲ್ಲಿ ಹೈಕೋರ್ಟಿನ ಪೀಠ ಧಾರವಾಡಕ್ಕೆ ಬಂದ ಮೇಲೆ ಕೋರ್ಟಿನ ತಿರುಗಾಟವೇನೋ ಕಡಿಮೆಯಾಯಿತು. ಆದರೆ ವಿಧಾನಸೌಧದ್ದು, ದೊಡ್ಡಾಸ್ಪತ್ರೆಗಳದ್ದು ತಪ್ಪಲಿಲ್ಲ. ಬೈಲಹೊಂಗಲದಿಂದ ಬಂದವರಿಗೂ ರಾಮದುರ್ಗದಿಂದ ಬಂದವರಿಗೂ ಫೈಲು, ಚೀಟಿ, ಸರದಿ ಎನ್ನುವುದರಲ್ಲೇ ಹೊತ್ತು ಮುಳುಗುತ್ತದೆ. ಊರಿಗೆ ಮರಳಲು ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಇದೆ, ಅದು ಹೊರಡುವುದು ರಾತ್ರಿ ಹನ್ನೊಂದರ ಸುಮಾರಿಗೆ. ನಡುವಿನ ನಾಲ್ಕೈದು ತಾಸನ್ನು ಬಹಳಷ್ಟು ಜನ ಪ್ಲಾಟ್‌ಫಾರ್ಮಿನ ಮೇಲೆ ಚೀಲವನ್ನೇ ತಲೆದಿಂಬು ಮಾಡಿಕೊಂಡು ಕಳೆದುಬಿಡುತ್ತಾರೆ. ಬೆಂಗಳೂರನ್ನು ನೋಡಬೇಕಾದ ಹೊತ್ತು ಅದೇ.

ಈ ಗಾಡಿ ಹೊರಡುವ ಬೆಂಗಳೂರಿನ ನಿಲ್ದಾಣಕ್ಕೆ 2016ರಿಂದ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು. ಸಂಗೊಳ್ಳಿ ಇರುವುದು ಬೈಲಹೊಂಗಲ ತಾಲೂಕಿನಲ್ಲಿ, ಚೆನ್ನಮ್ಮನ ಸಮಾಧಿ ಇರುವುದು ಬೈಲಹೊಂಗಲ ಊರೊಳಗೆ. 1824ರಲ್ಲಿ ಕಂಪನಿ ಸರಕಾರದ ವಿರುದ್ಧ ಕತ್ತಿ ಹಿಡಿದ ಕಿತ್ತೂರ ರಾಣಿಯ ಹೆಸರಿನ ಗಾಡಿ ಅವಳ ಬಂಟನ ಹೆಸರಿನ ನಿಲ್ದಾಣದಿಂದ ದಿನಾ ರಾತ್ರಿ ಹೊರಡುತ್ತದೆ. ಆದರೂ ಬೈಲಹೊಂಗಲಕ್ಕಾಗಲಿ ಕಿತ್ತೂರಿಗಾಗಲಿ ರೈಲು ಮಾರ್ಗವೇ ಇಲ್ಲ. ಧಾರವಾಡಕ್ಕೋ ಬೆಳಗಾವಿಗೋ ಬಸ್ಸಿನಲ್ಲಿ ಹೋಗಿ ಗಾಡಿ ಹಿಡಿಯಬೇಕು. ಇದು ನೋವಿನ ಮಾತು.

ನಿಲ್ದಾಣದ ಹೊರಗೆ ಕುದುರೆಯೇರಿದ ರಾಯಣ್ಣನ ಪ್ರತಿಮೆ ಸಿಗುತ್ತದೆ. ಅಲ್ಲಿಂದ ಅರಳೇಪೇಟೆ ಶುರು. ಹತ್ತಿ ಬೆಳೆಯುವ ಕರಿಮಣ್ಣಿನ ಸೀಮೆಯಿಂದ ಬಂದವರಿಗೆ ಆ ಹೆಸರೇ ಪರಿಚಯದ್ದು. ಅಂಗಡಿಗಳ ಶಟರ್ ಒಂದೊಂದಾಗಿ ಇಳಿಯುತ್ತಿರುವಾಗ ಹಮಾಲರು ಗಂಟುಗಳನ್ನು ಲಗೇಜು ಆಟೋಕ್ಕೆ ಏರಿಸುತ್ತಿರುತ್ತಾರೆ. ಹಗಲಿನ ವಾಹನಗಳ ಗದ್ದಲದಲ್ಲಿ ಕಾಣದ ಹಳೆಯ ಪೇಟೆ ಆಗ ಕಾಣುತ್ತದೆ. ಓಣಿ ಎಷ್ಟು ಇಕ್ಕಟ್ಟು, ಮನೆಗಳು ಎಷ್ಟು ಒತ್ತೊತ್ತು, ಗುಡಿ ದರ್ಗಾಗಳು ಎಷ್ಟು ಹತ್ತಿರ ಎಂಬುದು ಕಾಲಿಗೇ ತಿಳಿಯುತ್ತದೆ.

ಇದೇ ಅರಳೇಪೇಟೆಯಲ್ಲಿ ತವಕ್ಕಲ್ ಮಸ್ತಾನರ ದರ್ಗಾ ಇದೆ. ಚೈತ್ರ ಹುಣ್ಣಿಮೆಯ ರಾತ್ರಿ ಬೆಂಗಳೂರಿನಲ್ಲಿ ಇದ್ದವರು ಗಾಡಿ ಬಿಟ್ಟು ನಿಂತರೂ ನಷ್ಟವಿಲ್ಲ. ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಕರಗದ ಮೆರವಣಿಗೆ ಹೊರಡುವುದೇ ನಡುರಾತ್ರಿ ಕಳೆದ ಮೇಲೆ. ಸೀರೆಯುಟ್ಟು, ಬಳೆ ತೊಟ್ಟು, ತಲೆಯ ಮೇಲೆ ಮಲ್ಲಿಗೆ ಮುಚ್ಚಿದ ಕರಗವನ್ನು ಹೊತ್ತ ಪೂಜಾರಿಯ ಸುತ್ತ ಬಿಚ್ಚುಗತ್ತಿ ಹಿಡಿದ ವೀರಕುಮಾರರು. ಗೋವಿಂದನ ನಾಮಸ್ಮರಣೆ ಎದ್ದಿತೆಂದರೆ ಅಷ್ಟೂ ಜನಸಂದಣಿ ತಾನಾಗಿ ಸೀಳಿ ದಾರಿ ಬಿಡುತ್ತದೆ. ಮೆರವಣಿಗೆ ಆ ದರ್ಗಾಕ್ಕೂ ಹೋಗುತ್ತದೆ. ಅಲ್ಲಿ ನಿಂತು, ಗೌರವ ಪಡೆದು, ಮುಂದೆ ಸಾಗುತ್ತದೆ. ಸವದತ್ತಿಯವರಿಗೆ ಈ ಕರಗವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಯಲ್ಲಮ್ಮನ ಗುಡ್ಡದಲ್ಲಿ ಹುಣ್ಣಿಮೆಯ ರಾತ್ರಿ ಉಧೋ ಉಧೋ ಎನ್ನುತ್ತ ನಿದ್ದೆಗೆಟ್ಟವರು ಅವರು, ಸೀರೆಯುಟ್ಟ ಜೋಗಪ್ಪನಿಗೆ ಕೈಮುಗಿದವರು. ಅಮ್ಮನ ಶಕ್ತಿ ಗಂಡಸಿನ ಮೈಮೇಲೆ ಬರುತ್ತದೆಂಬ ನಂಬಿಕೆ ಅವರಿಗೆ ಹೊಸದಲ್ಲ. ರಾಜಧಾನಿ ಅವರಿಗೆ ತಮ್ಮದೆನಿಸಿದರೆ ಅದು ಇಂಥ ರಾತ್ರಿಯಲ್ಲೇ ಅನ್ನಿಸಬೇಕು.

ಮುಂದೆ ಕೃಷ್ಣರಾಜೇಂದ್ರ ಮಾರುಕಟ್ಟೆ. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಮೊದಲ ವಿದ್ಯುತ್ ಬೀದಿದೀಪ ಬೆಳಗಿದ್ದು ಈ ಆಸುಪಾಸಿನಲ್ಲೇ. ಕರೆಂಟು ಬಂದದ್ದು ಕಾವೇರಿಯ ಶಿವನಸಮುದ್ರದಿಂದ. ಈಗ ಅಲ್ಲಿ ಹೂವಿನವರ ಬುಟ್ಟಿಗಳ ಮೇಲೆ ಬಲ್ಬು ತೂಗುತ್ತವೆ. ಮಾಲೆಯನ್ನು ಬೆರಳ ತುದಿಯಿಂದ ಮೊಳಕೈವರೆಗೆ ಎಳೆದು ಅಳೆಯುವ ಹೆಂಗಸು ಮೊಳಕ್ಕೊಮ್ಮೆ ಗಿರಾಕಿಯ ಮುಖ ನೋಡುತ್ತಾಳೆ. “ಇನ್ನೊಂದು ಮೊಳ ತಗೊಳ್ಳಣ್ಣ, ಮನೆಗೆ ಹೋಗ್ಬೇಕು” ಎಂದು ಕೊನೆಯ ಮಾಲೆಯನ್ನು ಕೊಸರಿನ ಸಮೇತ ಕಟ್ಟಿಕೊಡುತ್ತಾಳೆ. ಹೂವಿನ ಸಗಟು ವ್ಯಾಪಾರ ನೋಡಬೇಕೆಂದರೆ ಬೆಳಗಿನ ಜಾವವೇ ಆಗಬೇಕು. ರಾತ್ರಿ ಬಸ್ಸಿನಲ್ಲಿ ಬಂದು ನಸುಕಿನಲ್ಲಿ ಮೆಜೆಸ್ಟಿಕ್ಕಿನಲ್ಲಿ ಇಳಿದವರಿಗೆ ಆ ಭಾಗ್ಯ. ಚೆಂಡುಹೂವಿನ ಮೂಟೆಗಳು, ಸೇವಂತಿಗೆಯ ರಾಶಿ, ತಲೆಹೊರೆಯವರ “ಸೈಡು, ಸೈಡು” ಎಂಬ ಕೂಗು. ಅಲ್ಲಿ ದಾರಿಗೆ ಅಡ್ಡ ನಿಂತು ಫೋಟೋ ತೆಗೆಯಬಾರದು, ಅವರದು ಹೊಟ್ಟೆಪಾಡು.

ಹಸಿವಾದರೆ ಅಲ್ಲಿಂದಲೇ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ಮುಂದಿನ ನಿಲ್ದಾಣ ನ್ಯಾಷನಲ್ ಕಾಲೇಜು. ವಿಶ್ವೇಶ್ವರಪುರದ ತಿಂಡಿ ಬೀದಿ ಅಲ್ಲಿಗೆ ಹತ್ತಿರ. ಕಾವಲಿಯಿಂದ ಆಗಷ್ಟೇ ಎತ್ತಿದ ಹೋಳಿಗೆ, ತುಪ್ಪ ಸುರಿದ ದೋಸೆ, ಚಳಿಗಾಲದಲ್ಲಿ ಅವರೆಬೇಳೆಯ ತರಹೇವಾರಿ ತಿನಿಸು. ಜೋಳದ ರೊಟ್ಟಿ, ಎಣ್ಣೆಗಾಯಿಯೇ ಬೇಕೆನ್ನುವವರಿಗೆ ಮೆಜೆಸ್ಟಿಕ್ಕಿನ ಸುತ್ತ ಖಾನಾವಳಿಗಳಿವೆ. ಆದರೆ ಊರಲ್ಲಿ ಉಣ್ಣುವುದನ್ನೇ ಇಲ್ಲಿಯೂ ಹುಡುಕುವುದು ಬೇಡ.

ಈ ತಿಂಡಿ ಬೀದಿಯಲ್ಲಿ ಅಜ್ಜಿ, ಸೊಸೆ, ಕೂಸು ಎಲ್ಲರೂ ರಾತ್ರಿ ನಿಂತುಕೊಂಡೇ ನಿಶ್ಚಿಂತೆಯಿಂದ ತಿನ್ನುತ್ತಾರೆ. ಆ ನಿಶ್ಚಿಂತೆ ಅರಳೇಪೇಟೆಯ ಓಣಿಯಲ್ಲಿ ಒಬ್ಬಳೇ ನಡೆಯುವ ಹೆಣ್ಣುಮಗಳಿಗೆ ಇಲ್ಲ. ಆಸ್ಪತ್ರೆಗೆಂದು ಮಗಳ ಜೊತೆ ಬಂದ ತಾಯಿ ವೇಟಿಂಗ್ ರೂಮು ಬಿಟ್ಟು ಕದಲದಿರುವುದಕ್ಕೆ ಕಾರಣ ದಣಿವು ಮಾತ್ರ ಅಲ್ಲ. ನಿಲ್ದಾಣದಿಂದ ಮಾರುಕಟ್ಟೆಯವರೆಗೆ ಒಳ್ಳೆಯ ಬೆಳಕು, ಸರಿಯಾದ ಫುಟ್‌ಪಾತು, ರಾತ್ರಿಯೂ ತೆರೆದಿರುವ ಶುಚಿಯಾದ ಶೌಚಾಲಯ, ಇಷ್ಟನ್ನು ಪಾಲಿಕೆ ಮಾಡಿಕೊಟ್ಟರೆ ಆ ತಾಯಿಯೂ ಹೊರಗೆ ಬರುತ್ತಾಳೆ. ಇದು ದೊಡ್ಡ ಬೇಡಿಕೆಯೇನೂ ಅಲ್ಲ.

ಅಲ್ಲಿಯವರೆಗೆ ಹೋಗಬಲ್ಲವರು ಹೋಗಿ ಬರಲಿ. ನಿಲ್ದಾಣದ ಕ್ಲೋಕ್‌ರೂಮಿನಲ್ಲಿ ಬೀಗ ಹಾಕಿದ ಚೀಲವನ್ನಷ್ಟೇ ಇಟ್ಟುಕೊಳ್ಳುತ್ತಾರೆ, ಊರಿಂದ ಹೊರಡುವಾಗಲೇ ಒಂದು ಬೀಗ ಇಟ್ಟುಕೊಳ್ಳಿ. ಮೆಟ್ರೋ ಕೊನೆಯ ಗಾಡಿಗೆ ಕಾಯದೆ ಹತ್ತು ಗಂಟೆಗೆಲ್ಲ ಮೆಜೆಸ್ಟಿಕ್ಕಿಗೆ ಮರಳಿ.