ಕಾಕಿಗೆ ಹೇಳದೆ ಉಳಿದ ಕಿಣ್ವ

ಮಂಗಸೂಳಿಗೆ ಹೋದಾಗಲೆಲ್ಲ ಕಾಕಿಯದು ಒಂದೇ ಪ್ರಶ್ನೆ: 'ಬೆಂಗಳೂರಾಗ ಏನ್ ಓದಾಕತ್ತಿಯೋ ತಮ್ಮಾ?' ನಾಲ್ಕು ವರ್ಷ 'ಪ್ರೋಟೀನು' ಎಂದು ಹೇಳಿ ಜಾರಿಕೊಂಡೆ. ಪ್ರೋಟೀನ್ ಅಂದರೆ ಅವಳಿಗೆ ಬೇಳೆ, ತತ್ತಿ. ಯೀಸ್ಟಿನೊಳಗೆ ಸೆರೆ ತಯಾರಿಸುವ ಕಿಣ್ವದ ಆಕಾರ ಎಂದು ಹೇಳಲು ಬಾಯಿ ಬರುತ್ತಿರಲಿಲ್ಲ. ಕಾಕಾ ಹೋದದ್ದು ಸೆರೆಯಿಂದಲೇ.

ಕಿಣ್ವ ಎಂಬ ಪದಕ್ಕೂ ಆ ವಾಸನೆಯಿದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಿಣ್ವ ಎಂದರೆ ಮದ್ಯಕ್ಕೆ ಹಾಕುವ ಹುದುಗು.

ನಮ್ಮ ಕಡೆ ಕಬ್ಬು ಟ್ರ್ಯಾಕ್ಟರ್ ಏರಿ ಕಾರ್ಖಾನೆಗೆ ಹೋಗುತ್ತದೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಯೀಸ್ಟ್‌ಗೆ ಉಣಿಸಿದರೆ ಮದ್ಯಸಾರ ಬರುತ್ತದೆ. ಕೊನೆಯ ಹೆಜ್ಜೆ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಎಂಬ ಕಿಣ್ವದ್ದು: ಅಸಿಟಾಲ್ಡಿಹೈಡ್ ಎಂಬ ವಿಷದ ಅಣುವಿಗೆ ಹೈಡ್ರೋಜನ್ ಸೇರಿಸಿ ಆಲ್ಕೋಹಾಲ್ ಮಾಡುವುದು. ಯೀಸ್ಟ್ ಇದನ್ನು ನಮಗಾಗಿ ಮಾಡುವುದಿಲ್ಲ. ಹೈಡ್ರೋಜನ್ ಹೊತ್ತ ಎನ್‌ಎಡಿ ಎಂಬ ಸಹಕಿಣ್ವವನ್ನು ಬರಿದು ಮಾಡಿಕೊಳ್ಳದಿದ್ದರೆ, ಗಾಳಿಯಿಲ್ಲದ ಕಡೆ ಅದರ ಸಕ್ಕರೆ ಒಡೆಯುವ ಕೆಲಸವೇ ನಿಲ್ಲುತ್ತದೆ. ನಮ್ಮ ನಶೆ ಅದರ ಪಾಲಿಗೆ ಕಸ.

ಜರ್ಮನಿಯಲ್ಲಿ ನೆಗೆಲೈನ್ ಮತ್ತು ವುಲ್ಫ್ ಈ ಕಿಣ್ವದ ಹರಳು ಪಡೆದದ್ದು 1937ರಲ್ಲಿ. ಅದರ ಪರಮಾಣುಗಳ ಪೂರ್ತಿ ಚಿತ್ರ ಜೈವರಸಾಯನದ ಪತ್ರಿಕೆಯಲ್ಲಿ ಅಚ್ಚಾದದ್ದು 2014ರಲ್ಲಿ. ಬರೆದ ಮೂವರಲ್ಲಿ ಒಬ್ಬರಾದ ಎಸ್. ರಾಮಸ್ವಾಮಿ ಆಗ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿದ್ದರು. ಎಪ್ಪತ್ತೇಳು ವರ್ಷ! ನನ್ನ ಹರಳು ಮತ್ತೆ ಕೈಕೊಟ್ಟ ದಿನ ಈ ಲೆಕ್ಕ ನೆನೆದು ಚಹಾಕ್ಕೆ ಹೋಗುತ್ತೇನೆ.

ಆ ಚಿತ್ರದಲ್ಲಿ ನಾಲ್ಕು ಸರಪಳಿಗಳು ಒಂದಕ್ಕೊಂದು ಬೆನ್ನು ಹಚ್ಚಿ ಕೂತಿವೆ. ಒಂದೊಂದರಲ್ಲೂ 347 ಅಮೈನೋ ಆಮ್ಲ, ಎರಡು ಸತುವಿನ ಪರಮಾಣು. ಸೋಜಿಗವೆಂದರೆ ಅರ್ಧದಷ್ಟು ಸರಪಳಿಗಳು ಮುಚ್ಚಿಕೊಂಡಿವೆ, ಸಹಕಿಣ್ವವನ್ನೂ ಆಲ್ಕೋಹಾಲಿನಂಥ ಒಂದು ಅಣುವನ್ನೂ ಒಳಗೆ ಹಿಡಿದುಕೊಂಡು. ಉಳಿದರ್ಧ ಬರಿದಾಗಿ ತೆರೆದಿವೆ. ಅಲ್ಲಿ ಅತಿಥಿಯ ಜಾಗದಲ್ಲಿ ಕಿಣ್ವದ್ದೇ ಒಂದು ಗ್ಲುಟಮೇಟ್ ಬಂದು ಸತುವನ್ನು ಹಿಡಿದಿದೆ. ದುಡಿಮೆಯ ಭಂಗಿ, ಕಾಯುವ ಭಂಗಿ, ಎರಡೂ ಒಂದೇ ಹರಳಿನಲ್ಲಿ.

ಇದೇ ಮನೆತನದ ಕಿಣ್ವ ನಮ್ಮ ಯಕೃತ್ತಿನಲ್ಲೂ ಇದೆ, ಎರಡೇ ಸರಪಳಿಯದ್ದು. ಕುಡಿದದ್ದನ್ನು ಅದು ತಿರುಗಿ ಅಸಿಟಾಲ್ಡಿಹೈಡ್ ಮಾಡುತ್ತದೆ. ಇಷ್ಟೆಲ್ಲ ಓದಿಕೊಂಡವನು ಕಾಕಾನ ಕೊನೆಯ ತಿಂಗಳಲ್ಲಿ ಊರಿಗೆ ಹೋಗಲಿಲ್ಲ. ಪ್ರಯೋಗ ಇದೆ ಎಂದೆ. ಇದ್ದದ್ದು ಸಿಟ್ಟು.

ಈ ದೀಪಾವಳಿಗೆ ಕಾಕಿಗೆ ಎಲ್ಲ ಹೇಳಿಬಿಟ್ಟೆ. ಫೋನಿನಲ್ಲಿ ಚಿತ್ರ ತೋರಿಸಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ.

'ನಿಮ್ಮ ಕಾಕಾನ ಹೊಟ್ಯಾಗೂ ಇದ ಇತ್ತೇನು?'

'ಇದರ ತಮ್ಮ ಇದ್ದ, ಕಾಕಿ. ಇದು ಮಾಡಿದ್ದನ್ನ ಅವ ಬಿಚ್ಚತಿದ್ದ.'

ಅವಳು ಫೋನನ್ನು ಕಣ್ಣಿಗೆ ಹತ್ತಿರ ಹಿಡಿದಳು. 'ಹಗಲು ರಾತ್ರಿ ಬಿಚ್ಚಿರಬೇಕಲ್ಲೋ, ಪಾಪ.'

ಆಮೇಲೆ ಬೆರಳಿಟ್ಟು ಕೇಳಿದಳು: 'ಈ ಚುಕ್ಕಿ ಏನು?'

'ಸತು. ತಗಡಿಗಿ ಹಚ್ಚತಾರಲ್ಲ, ಜಸ್ತ.'

'ಅದು ತುಕ್ಕ ಹಿಡೀಬಾರದಂತ ಹಚ್ಚೂದು,' ಅಂದಳು ಕಾಕಿ, ಫೋನ್ ಮರಳಿ ಕೊಡದೆ.